ಬೆಂಕಿಯಿಲ್ಲದ ಹೊಗೆ

ಹೊಸ ಸಾಧನವೊಂದು ಬಳಕೆಗೆ ಬಂದಾಗ ಹಳೆಯದರ ಗುಣಗಳನ್ನು ಜನರು ಮರೆಯುವುದು ಲೋಕದಲ್ಲಿ ಸಾಮಾನ್ಯವಾದ ಸಂಗತಿ. ಹಳೆಯದರ ದೋಷಗಳನ್ನೇ ಹುಡುಕಿ ತಂದು ಹೊಸದಕ್ಕೆ ತೊಡಿಸುವುದು ಮಾತ್ರ ಅಪೂರ್ವ. ಛಾಯಾಗ್ರಹಣದ ಕಲೆಯಲ್ಲಿ ಈಚೆಗೆ ನಡೆದಿರುವುದು ಇಂಥ ಅಪೂರ್ವವೇ ಆಗಿದೆ. ನೂರು ವರ್ಷಗಳಿಗೂ ಮೇಲ್ಪಟ್ಟು ಫಿಲ್ಮನ್ನು ತಯಾರಿಸುತ್ತ ಬಂದವರು ಯಾವ ಒರಟು ಕಣಗಳನ್ನು ನಯಗೊಳಿಸಲು ಶ್ರಮಿಸಿದರೋ, ದೀಪದ ಸುತ್ತ ಹಬ್ಬುವ ಯಾವ ಕೆಂಪು ಪ್ರಭೆಯನ್ನು ತಡೆಯಲು ಉಪಾಯಗಳನ್ನು ಹೂಡಿದರೋ, ಕಾಲಕ್ರಮದಲ್ಲಿ ಬಣ್ಣಗಳು ಮಾಸುವುದನ್ನು ಕಂಡು ಎಷ್ಟು ನೊಂದುಕೊಂಡರೋ, ಅವೆಲ್ಲವನ್ನೂ ಈಗ ತಂತ್ರಾಂಶಗಳು ಡಿಜಿಟಲ್ ಚಿತ್ರಕ್ಕೆ ಲೇಪಿಸಿಕೊಡುತ್ತಿವೆ. ಕಲೆಗಾರರೂ ಗೃಹಸ್ಥರೂ ಅದನ್ನು ಸಂತೋಷದಿಂದಲೇ ಸ್ವೀಕರಿಸುತ್ತಿರುವರು.

೨೦೧೨ನೆಯ ವರ್ಷದ ಎರಡು ಸಂಗತಿಗಳನ್ನು ಒಂದರ ಬದಿಗೊಂದಿಟ್ಟು ನೋಡಿದರೆ ಈ ವಿಪರ್ಯಾಸವು ಚೆನ್ನಾಗಿ ಮನದಟ್ಟಾಗುವುದು. ಆ ವರ್ಷದ ಜನವರಿಯಲ್ಲಿ ಅಮೆರಿಕದ ರೋಚೆಸ್ಟರಿನ ಕೊಡಕ್ ಸಂಸ್ಥೆಯು ಸಾಲದ ಭಾರವನ್ನು ಹೊರಲಾರದೆ ದಿವಾಳಿಯ ಕಾನೂನಿನ ಆಶ್ರಯವನ್ನು ಬೇಡಿತು. ಏಪ್ರಿಲಿನಲ್ಲಿ, ಹುಟ್ಟಿ ಎರಡು ವರ್ಷವೂ ತುಂಬದಿದ್ದ ಇನ್‌ಸ್ಟಾಗ್ರಾಮ್ ಎಂಬುದನ್ನು ಫೇಸ್‌ಬುಕ್ ಸಂಸ್ಥೆಯು ನೂರು ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಕೈಯಲ್ಲಿನ ದೂರವಾಣಿಯಿಂದ ತೆಗೆದ ಚಿತ್ರಕ್ಕೆ ಹಳೆಯ ಫಿಲ್ಮಿನ ಛಾಯೆಯನ್ನು ಒಂದೇ ಸ್ಪರ್ಶದಿಂದ ಕೊಡುವುದು ಆ ಹೊಸ ಸಂಸ್ಥೆಯ ಮೊದಲ ಆಕರ್ಷಣೆಗಳಲ್ಲಿ ಒಂದಾಗಿತ್ತು. ಫಿಲ್ಮನ್ನು ಮಾಡಿದವನ ಮನೆ ಬಿದ್ದ ವರ್ಷವೇ ಫಿಲ್ಮಿನ ತೋರಿಕೆಯನ್ನು ಹಂಚಿದವನ ಮನೆ ಎದ್ದಿತು.

ಇದು ಬರಿಯ ವಿನೋದವೆ, ಉಚಿತವಾದ ಅಲಂಕಾರವೆ, ಅಥವಾ ಅಸತ್ಯದ ಒಂದು ಬಗೆಯೆ? ಸಣ್ಣ ವಿಷಯವೆಂದು ತೋರಿದರೂ ಇದನ್ನು ವಿಚಾರಿಸದೆ ಬಿಡುವಂತಿಲ್ಲ. ಏತಕ್ಕೆಂದರೆ ಇಂದಿನ ಮನೆಗಳಲ್ಲಿ ಹಿಂದಿನ ಕಾಲದ ನೆನಪು ಹೆಚ್ಚಾಗಿ ಉಳಿದಿರುವುದು ಚಿತ್ರಗಳಲ್ಲಿಯೇ. ದೂರದೇಶದ ಯುದ್ಧವನ್ನೂ ಬರಗಾಲವನ್ನೂ ಜನರು ನಂಬುವುದು ಬಹುಮಟ್ಟಿಗೆ ಚಿತ್ರಗಳಿಂದಲೇ. ಚಿತ್ರದ ಮೇಲಿನ ಗುರುತುಗಳಿಗೆ ಏನು ಬೆಲೆ ಎಂಬ ಪ್ರಶ್ನೆಯು ಹೀಗಾಗಿ ನಂಬಿಕೆಯ ಪ್ರಶ್ನೆಯೇ ಆಗುವುದು.

ಮೊದಲು ಆ ಗುರುತುಗಳು ಹುಟ್ಟುವ ಬಗೆಯನ್ನು ತಿಳಿಯಬೇಕು. ಫಿಲ್ಮಿನ ಮೇಲೆ ಜೆಲಟಿನ್ನಿನ ತೆಳುವಾದ ಲೇಪವಿರುವುದು. ಎಲುಬು ಚರ್ಮಗಳನ್ನು ಕುದಿಸಿ ತೆಗೆದ ಆ ಅಂಟಿನಲ್ಲಿ ಬೆಳ್ಳಿಯ ಲವಣದ ಅಸಂಖ್ಯಾತ ಸೂಕ್ಷ್ಮ ಹರಳುಗಳು ಯಾವ ಕ್ರಮವೂ ಇಲ್ಲದೆ ಚದುರಿಕೊಂಡಿರುವುವು. ಬೆಳಕು ತಾಕಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಬೇರ್ಪಟ್ಟು ಒಂದೆಡೆ ಕೂಡುವುವು. ಕಣ್ಣಿಗೆ ಕಾಣದ ಈ ಬೀಜವಿರುವ ಹರಳುಗಳು ಮುಂದೆ ರಾಸಾಯನಿಕ ದ್ರವದಲ್ಲಿ ಅದ್ದಿದಾಗ ಇಡಿಯಾಗಿ ಕಪ್ಪು ಬೆಳ್ಳಿಯಾಗುವುವು, ಬೀಜವಿಲ್ಲದವು ತೊಳೆದುಹೋಗುವುವು. ಬಣ್ಣದ ಫಿಲ್ಮಿನಲ್ಲಿ ಬೆಳ್ಳಿಯೂ ಕೊನೆಗೆ ಹೋಗಿ, ಅದಿದ್ದ ಎಡೆಯಲ್ಲಿ ವರ್ಣದ ಸಣ್ಣ ಮೋಡವೊಂದು ಮಾತ್ರ ನಿಲ್ಲುವುದು. ಚಿತ್ರದಲ್ಲಿ ಕಾಣುವ ಕಣಕಣವಾದ ಒರಟುತನವು ಈ ಹರಳುಗಳ ಮತ್ತು ಮೋಡಗಳ ಗುಂಪಿನ ಗುರುತು. ಬಲವಾದ ಬೆಳಕು ಲೇಪವನ್ನು ದಾಟಿ, ಫಿಲ್ಮಿನ ಹಿಂಬದಿಯಿಂದ ಪ್ರತಿಫಲಿಸಿ, ತಳದಲ್ಲಿರುವ ಕೆಂಪು ಬಣ್ಣದ ಪದರವನ್ನು ಮತ್ತೊಮ್ಮೆ ತಾಕಿದರೆ ದೀಪದ ಸುತ್ತ ಕೆಂಪು ಪ್ರಭೆ ಮೂಡುವುದು. ಬೆಳಕು ಏರಿದಂತೆಲ್ಲ ಫಿಲ್ಮಿನ ಕಪ್ಪು ಅದೇ ಪ್ರಮಾಣದಲ್ಲಿ ಏರುವುದಿಲ್ಲವೆಂಬುದನ್ನೂ, ಮೊದಲು ನಿಧಾನವಾಗಿ, ನಡುವೆ ಬೇಗನೆ, ಕೊನೆಗೆ ಮತ್ತೆ ನಿಧಾನವಾಗಿ ಬಾಗುವ ರೇಖೆಯಲ್ಲಿ ಅದು ನಡೆಯುವುದೆಂಬುದನ್ನೂ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು ೧೮೯೦ರಲ್ಲಿ ಇಂಗ್ಲೆಂಡಿನಲ್ಲಿ ಅಳೆದು ತೋರಿಸಿದರು. ಉಜ್ವಲವಾದ ಎಡೆಗಳಲ್ಲಿ ಫಿಲ್ಮಿಗಿರುವ ಮೃದುತ್ವವು ಆ ಬಾಗಿನಿಂದ ಬಂದದ್ದು.

ನಮ್ಮ ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇವೆಲ್ಲವೂ ಲಿಂಗಗಳು. ಬೆಟ್ಟದ ಮೇಲೆ ಹೊಗೆಯನ್ನು ಕಂಡವನು ಅಲ್ಲಿ ಬೆಂಕಿಯಿದೆಯೆಂದು ಊಹಿಸುವಂತೆ, ಚಿತ್ರದ ಮೇಲೆ ಕಣಗಳನ್ನು ಕಂಡವನು ಯಾವುದೋ ಒಂದು ದಿನ, ಯಾವುದೋ ಒಂದು ಸ್ಥಳದಲ್ಲಿ, ಯಾವುದೋ ಒಂದು ವಸ್ತುವಿನಿಂದ ಹೊರಟ ಬೆಳಕು ಬೆಳ್ಳಿಯ ಹರಳನ್ನು ಮುಟ್ಟಿತ್ತೆಂದು ಊಹಿಸಬಹುದಾಗಿತ್ತು. ಹೊಗೆಗೂ ಬೆಂಕಿಗೂ ಇರುವ ವ್ಯಾಪ್ತಿಯೇ ಇಲ್ಲಿ ಕಣಕ್ಕೂ ಬೆಳಕಿನ ಸ್ಪರ್ಶಕ್ಕೂ ಇದ್ದಿತು. ಬೆಂಕಿಯಿಲ್ಲದೆ ಹೊಗೆಯಾಡೀತೆ ಎಂಬ ಗಾದೆಯು ಈ ವ್ಯಾಪ್ತಿಯ ಮೇಲೆಯೇ ನಿಂತಿದೆ.

ಈಗ ತಂತ್ರಾಂಶವು ಮಾಡುವ ಕೆಲಸವನ್ನು ನೋಡಬೇಕು. ಡಿಜಿಟಲ್ ಕ್ಯಾಮರಾದಲ್ಲಿ ಹರಳುಗಳಿಲ್ಲ. ಚದುರಂಗದ ಮಣೆಯಂತೆ ಸಾಲುಸಾಲಾಗಿ ಜೋಡಿಸಿದ ಸಣ್ಣ ಮನೆಗಳಿದ್ದು ಒಂದೊಂದೂ ತನ್ನ ಮೇಲೆ ಬಿದ್ದ ಬೆಳಕನ್ನು ಅಳೆದು ಅಂಕಿಯಾಗಿ ಹೇಳುವುದು. ಈ ಅಂಕಿಗಳ ರಾಶಿಯನ್ನು ತಂತ್ರಾಂಶವು ತೆಗೆದುಕೊಂಡು, ಇಂಥ ನೀಲಿಗೆ ಬದಲು ಇಂಥ ನೀಲಿ, ಇಂಥ ನೆರಳಿಗೆ ಬದಲು ಇಂಥ ನೆರಳು ಎಂದು ಮೊದಲೇ ಸಿದ್ಧಪಡಿಸಿದ ಪಟ್ಟಿಯಂತೆ ಒಂದೊಂದನ್ನೂ ಮಾರ್ಪಡಿಸುವುದು. ಆ ಪಟ್ಟಿಯನ್ನು ನಿಜವಾದ ಫಿಲ್ಮಿನಲ್ಲಿ ಬಣ್ಣದ ಮಾದರಿಗಳನ್ನು ತೆಗೆದು, ಅಳೆದು ಮಾಡುವುದುಂಟು. ಬಳಿಕ ಕಣಗಳನ್ನು ಬಿತ್ತುವುದು. ಫ್ರಾನ್ಸಿನ ಕೆಲವರು ಸಂಶೋಧಕರು ೨೦೧೭ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಹರಳುಗಳು ಲೇಪದಲ್ಲಿ ಚದುರುವ ಬಗೆಯನ್ನೇ ಸಂಭಾವ್ಯತೆಯ ಗಣಿತದಿಂದ ಅನುಸರಿಸಿ, ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಕಣವು ಕಣವಾಗಿಯೇ ಕಾಣುವಂತೆ ಮಾಡಿರುವರು. ಫೂಜಿಫಿಲ್ಮ್ ಸಂಸ್ಥೆಯು ತಾನೇ ತಯಾರಿಸಿದ ವೆಲ್ವಿಯಾ, ಪ್ರೋವಿಯಾ ಮೊದಲಾದ ಫಿಲ್ಮುಗಳ ಹೆಸರುಗಳನ್ನು ತನ್ನ ಡಿಜಿಟಲ್ ಕ್ಯಾಮರಾಗಳ ಆಯ್ಕೆಗಳಿಗೆ ಇಟ್ಟಿದೆ. ತಂದೆಯ ಹೆಸರು ಮೊಮ್ಮಗನಿಗೆ ಬರುವಂತೆ ಇಲ್ಲಿ ಹೆಸರು ಬಂದಿತು. ರಕ್ತಸಂಬಂಧವು ಮಾತ್ರ ಬರಲಿಲ್ಲ.

ಇದಕ್ಕಿಂತಲೂ ವಿಚಿತ್ರವಾದ ಉದಾಹರಣೆಯೊಂದುಂಟು. ಕಣಗಳಿಂದ ತುಂಬಿದ ಚಲನಚಿತ್ರವನ್ನು ದೂರಕ್ಕೆ ಕಳುಹಿಸುವುದು ಕಷ್ಟ. ಕಣಗಳು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಅವುಗಳನ್ನು ಅಡಕಗೊಳಿಸಲು ಬಾರದು. ಆದುದರಿಂದ ೨೦೧೮ರಲ್ಲಿ ಪ್ರಕಟವಾದ ಎವಿ-೧ ಎಂಬ ವಿಡಿಯೋ ಪದ್ಧತಿಯಲ್ಲಿ ಹೀಗೊಂದು ಏರ್ಪಾಡಿದೆ: ಕಳುಹಿಸುವ ಮೊದಲು ಚಿತ್ರದ ಕಣಗಳನ್ನು ಒರೆಸಿ ತೆಗೆಯುವುದು, ಅವು ಎಂಥವಾಗಿದ್ದವೆಂಬ ವಿವರಣೆಯನ್ನು ಕೆಲವು ಅಂಕಿಗಳಲ್ಲಿ ಕಳುಹಿಸುವುದು, ನೋಡುವವನ ಮನೆಯ ಯಂತ್ರವು ಆ ವಿವರಣೆಯಂತೆ ಹೊಸ ಕಣಗಳನ್ನು ಹುಟ್ಟಿಸಿ ಚಿತ್ರದ ಮೇಲೆ ಚೆಲ್ಲುವುದು. ಇಲ್ಲಿ ಚಿತ್ರವು ನಿಜವಾದ ಫಿಲ್ಮಿನಲ್ಲಿಯೇ ತೆಗೆದದ್ದಾಗಿರಬಹುದು. ಬೆಂಕಿ ಉಂಟು, ಹೊಗೆಯೂ ಇದ್ದಿತು. ಆದರೆ ನೋಡುವವನಿಗೆ ಕಾಣುವುದು ಆ ಬೆಂಕಿಯ ಹೊಗೆಯಲ್ಲ. ನೋಡುವವನು ಮಾಡಿದ ಅನುಮಾನದ ಫಲವು ಸತ್ಯವಾಗಿಯೇ ಇರುವುದು, ಅದರ ಹೇತು ಮಾತ್ರ ಆಭಾಸ. ಹಳೆಯ ನೈಯಾಯಿಕರು ಇಂಥದೊಂದು ದೃಷ್ಟಾಂತವನ್ನು ಕಂಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ!

ಈ ಅನುಕರಣವನ್ನು ಖಂಡಿಸುವವರ ಪಕ್ಷವು ಹೀಗಿದೆ. ಕಣವು ಒಂದು ಘಟನೆಯ ಗಾಯದ ಕಲೆ. ಘಟನೆಯಿಲ್ಲದೆ ಕಲೆಯನ್ನು ಬರೆದುಕೊಳ್ಳುವುದು ಯುದ್ಧಕ್ಕೆ ಹೋಗದವನು ಮೈಮೇಲೆ ಕತ್ತಿಯ ಗುರುತನ್ನು ಬರೆದುಕೊಂಡು ತಿರುಗಿದಂತೆ. ಫಿಲ್ಮಿನ ಸುರುಳಿಯೊಂದರಲ್ಲಿ ಮೂವತ್ತಾರು ಚಿತ್ರಗಳಿಗೆ ಮಾತ್ರ ಎಡೆಯಿತ್ತು. ಗುಂಡಿಯನ್ನು ಒತ್ತುವ ಮೊದಲು ಯೋಚಿಸಬೇಕಾಗಿತ್ತು. ಒತ್ತಿದ ಬಳಿಕ ದಿನಗಟ್ಟಲೆ ಕಾಯಬೇಕಾಗಿತ್ತು. ಆ ಸಂಯಮದಿಂದ ಬಂದ ಕಾಂತಿಯನ್ನು ಸಂಯಮವಿಲ್ಲದೆ ಧರಿಸುವುದು ವ್ರತವಿಲ್ಲದೆ ಪ್ರಸಾದವನ್ನು ತೆಗೆದುಕೊಂಡಂತೆ. ಹೀಗೆಂದು ಅವರು ಹೇಳುವರು. ಈ ಮಾತಿನಲ್ಲಿ ಬಲವಿಲ್ಲವೆನ್ನಲಾಗದು.

ಆದರೆ ಈ ಪಕ್ಷವು ಒಂದು ಸಂಗತಿಯನ್ನು ಮರೆತಿದೆ. ಫಿಲ್ಮಿನ ತೋರಿಕೆಯು ಪ್ರಕೃತಿಯ ಕೈಯಿಂದ ತಾನಾಗಿ ಬಂದದ್ದಲ್ಲ. ಅದೂ ಕಾರ್ಖಾನೆಯಲ್ಲಿ ತೀರ್ಮಾನವಾದ ಅಲಂಕಾರವೇ. ೧೯೩೫ರಲ್ಲಿ ಹೊರಬಂದ ಕೊಡಕ್ರೋಮ್ ಫಿಲ್ಮಿಗೆ ಒಂದು ಬಣ್ಣದ ರೀತಿಯಿದ್ದರೆ, ೧೯೯೦ರಲ್ಲಿ ಹೊರಬಂದ ವೆಲ್ವಿಯಾಕ್ಕೆ ಎಲೆಯ ಹಸುರನ್ನೂ ಆಕಾಶದ ನೀಲಿಯನ್ನೂ ಕಣ್ಣು ಕಂಡದ್ದಕ್ಕಿಂತ ಗಾಢವಾಗಿ ತೋರಿಸುವ ರೀತಿಯಿದ್ದಿತು. ಯಾವ ಮೈಬಣ್ಣವು ಸರಿಯಾಗಿ ಕಾಣಬೇಕೆಂಬುದೂ ಹಾಗೆಯೇ ತೀರ್ಮಾನವಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ನಡುಗಾಲದಿಂದ ಕೊಡಕ್ ಸಂಸ್ಥೆಯು ಪ್ರಿಂಟು ಮಾಡುವವರಿಗೆ ಹೋಲಿಕೆಗಾಗಿ ಕಳುಹಿಸುತ್ತಿದ್ದ ಪಟದಲ್ಲಿ ಬಿಳಿಯ ಮೈಬಣ್ಣದ ಹೆಂಗಸೊಬ್ಬಳ ಚಿತ್ರವಿರುತ್ತಿತ್ತು. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ಶರ್ಲಿ ಪಟವೆಂದೇ ಹೆಸರಾಯಿತು. ಆ ಮುಖವು ಚೆನ್ನಾಗಿ ಬಂದರೆ ಯಂತ್ರವು ಸರಿಯಾಗಿದೆಯೆಂದರ್ಥ. ಕಪ್ಪು ಮೈಬಣ್ಣದವರ ಮುಖವು ನೆರಳಿನಲ್ಲಿ ಮುಳುಗಿಹೋದರೆ ಅದನ್ನು ಫಿಲ್ಮಿನ ತಪ್ಪೆಂದು ಬಹುಕಾಲ ಯಾರೂ ಎಣಿಸಲಿಲ್ಲ. ಬೇರೆ ಬೇರೆ ಮೈಬಣ್ಣದವರನ್ನು ಒಟ್ಟಿಗೆ ತೋರಿಸುವ ಪಟಗಳು ಬಂದದ್ದು ೧೯೯೦ರ ದಶಕದಲ್ಲಿ. ಹೀಗಿರುವಲ್ಲಿ ಹಳೆಯ ಫಿಲ್ಮಿನ ಛಾಯೆಯನ್ನು ಪರಮಸತ್ಯವೆಂದು ಆರಾಧಿಸುವುದು ಆ ಪಕ್ಷಪಾತವನ್ನೂ ಆರಾಧಿಸಿದಂತೆಯೇ ಆದೀತು.

ಡಿಜಿಟಲ್ ಕ್ಯಾಮರಾವನ್ನಾದರೂ ನಿರಾಭರಣವಾದ ಸತ್ಯವೆನ್ನಬಹುದೆ? ಅದೂ ಇಲ್ಲ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬವನಿಗೆ ೧೯೭೬ರಲ್ಲಿ ಪೇಟೆಂಟು ದೊರೆತ ವಿನ್ಯಾಸವೇ ಇಂದು ಹೆಚ್ಚಿನ ಕ್ಯಾಮರಾಗಳಲ್ಲಿರುವುದು. ಅದರಂತೆ ಅರ್ಧದಷ್ಟು ಮನೆಗಳು ಹಸುರನ್ನು ಮಾತ್ರ, ಕಾಲುಭಾಗ ಕೆಂಪನ್ನು ಮಾತ್ರ, ಉಳಿದ ಕಾಲುಭಾಗ ನೀಲಿಯನ್ನು ಮಾತ್ರ ಅಳೆಯುವುವು. ಪ್ರತಿಯೊಂದು ಬಿಂದುವಿನಲ್ಲಿಯೂ ಮೂರರಲ್ಲಿ ಎರಡು ಬಣ್ಣಗಳು ನೆರೆಮನೆಗಳನ್ನು ವಿಚಾರಿಸಿ ಊಹಿಸಿದವುಗಳೇ. ಆದುದರಿಂದ ಅಲಂಕಾರವಿಲ್ಲದ ಚಿತ್ರ ಒಂದು ಕಡೆ, ಅಲಂಕರಿಸಿದ ಚಿತ್ರ ಇನ್ನೊಂದು ಕಡೆ ಎಂಬ ವಿಭಾಗವು ಮೂಲದಲ್ಲಿಯೇ ನಿಲ್ಲುವುದಿಲ್ಲ.

ಹಳೆಯ ಸಾಧನದ ಗುರುತನ್ನು ಹೊಸ ಸಾಧನವು ಹೊರುವುದೂ ಛಾಯಾಗ್ರಹಣದಲ್ಲಿ ಮೊದಲಾದದ್ದಲ್ಲ. ಐಹೊಳೆಯ ಲಾಡ್‌ಖಾನ್ ಗುಡಿಯ ಮಾಳಿಗೆಯಲ್ಲಿ ಚಪ್ಪಡಿಗಳ ಸಂದುಗಳ ಮೇಲೆ ಉದ್ದುದ್ದವಾದ ಕಲ್ಲಿನ ಪಟ್ಟಿಗಳನ್ನು ಮರದ ತೊಲೆಗಳಂತೆ ಹೊದಿಸಿದೆ. ಕಾರ್ಲೆಯ ಗುಹಾಚೈತ್ಯದಲ್ಲಿ ಬಂಡೆಯನ್ನು ಕಡೆದು ಮಾಡಿದ ಮೇಲ್ಛಾವಣಿಗೆ ಮರದ ಪಕ್ಕೆಲುಬುಗಳನ್ನು ಜೋಡಿಸಿದೆ; ಅವುಗಳ ಆಧಾರ ಬಂಡೆಗೆ ಬೇಕಿಲ್ಲ. ಅಲ್ಲಿನ ಶಿಲ್ಪಿಗಳನ್ನು ಸುಳ್ಳುಗಾರರೆಂದು ಯಾರೂ ಹೇಳಲಾರರು. ಮರದಲ್ಲಿ ಕಟ್ಟಿದವರ ಕಣ್ಣು ಕಲ್ಲಿನಲ್ಲಿಯೂ ತನಗೆ ಪರಿಚಿತವಾದುದನ್ನು ಬಯಸಿತು. ಕಾಲ ಕಳೆದಂತೆ ಕಲ್ಲು ತನ್ನದೇ ಭಾಷೆಯನ್ನು ಕಲಿಯಿತು. ಸಾವಿರದ ಒಂಬೈನೂರರ ಆಚೀಚೆ ಯೂರೋಪಿನ ಛಾಯಾಗ್ರಾಹಕರೂ ತಮ್ಮ ಪ್ರಿಂಟುಗಳನ್ನು ಅಂಟು ವರ್ಣಗಳಲ್ಲಿ ತೆಗೆದು, ಕುಂಚದಿಂದ ತೀಡಿ, ವರ್ಣಚಿತ್ರವೆನ್ನುವಂತೆ ಮಾಡುತ್ತಿದ್ದರು. ಯಾವ ಫಿಲ್ಮನ್ನು ಇಂದು ಡಿಜಿಟಲ್ ಅನುಕರಿಸುತ್ತಿದೆಯೋ ಅದೇ ಛಾಯಾಗ್ರಹಣವು ತನ್ನ ಎಳೆತನದಲ್ಲಿ ಇನ್ನೊಂದನ್ನು ಅನುಕರಿಸಿತ್ತು.

ಅನುಕರಣದ ಈ ಪ್ರಶ್ನೆಯನ್ನು ಕಾಶ್ಮೀರದ ಅಲಂಕಾರಿಕರು ಸಾವಿರ ವರ್ಷಗಳ ಹಿಂದೆಯೇ ಚರ್ಚಿಸಿರುವರು. ನಟನು ರಾಮನಲ್ಲ, ಆದರೂ ಅವನನ್ನು ರಾಮನೆಂದು ಕಾಣುವ ಪ್ರೇಕ್ಷಕನಿಗೆ ಮೋಸವಾಗಿಲ್ಲ. ಇದು ಹೇಗೆ? ಶಂಕುಕನು ಇದಕ್ಕೆ ಚಿತ್ರತುರಗನ್ಯಾಯವನ್ನು ಹೇಳಿದನು. ಪಟದಲ್ಲಿ ಬರೆದ ಕುದುರೆಯನ್ನು ಕಂಡು ಕುದುರೆಯೆನ್ನುವವನ ಜ್ಞಾನವು ಯಥಾರ್ಥಜ್ಞಾನವೂ ಅಲ್ಲ, ಭ್ರಮೆಯೂ ಅಲ್ಲ, ಸಂಶಯವೂ ಅಲ್ಲ, ಬರಿಯ ಸಾದೃಶ್ಯಜ್ಞಾನವೂ ಅಲ್ಲ. ಇವು ನಾಲ್ಕರಿಂದಲೂ ಬೇರೆಯಾದ ಒಂದು ಬಗೆ. ರಂಗಭೂಮಿಗೆ ಸಲ್ಲುವ ಈ ಮಾತು ಚಲನಚಿತ್ರಕ್ಕೂ ಸಲ್ಲುವುದು. ಅಲೆಕ್ಸಾಂಡರ್ ಪೇನ್ ಎಂಬ ನಿರ್ದೇಶಕನ ‘ದಿ ಹೋಲ್ಡೋವರ್ಸ್’ ಎಂಬ ಚಿತ್ರವು ೨೦೨೩ರಲ್ಲಿ ಹೊರಬಂದಿತು. ಕಥೆಯು ನಡೆಯುವುದು ೧೯೭೦ರ ಚಳಿಗಾಲದಲ್ಲಿ. ಚಿತ್ರವನ್ನು ತೆಗೆದದ್ದು ಡಿಜಿಟಲ್ ಕ್ಯಾಮರಾದಿಂದ. ಆದರೆ ಅದರ ಬಣ್ಣ, ಕಣ, ಆರಂಭದ ಲಾಂಛನಗಳೆಲ್ಲವೂ ಆ ಕಾಲದ ಫಿಲ್ಮನ್ನು ನೆನಪಿಗೆ ತರುವಂತಿವೆ. ಟಿಕೀಟು ಕೊಂಡು ಕುಳಿತವನು ಇದನ್ನು ನಿಜವಾಗಿ ೧೯೭೦ರಲ್ಲಿ ತೆಗೆದರೆಂದು ನಂಬುವುದಿಲ್ಲ. ನಂಬಲೆಂದು ಮಾಡಿದವರೂ ಬಯಸಲಿಲ್ಲ. ವೇಷಭೂಷಣಗಳು ಹೇಗೆ ಆಹಾರ್ಯವೋ ಇಲ್ಲಿ ಕಣವೂ ಹಾಗೆಯೇ ಆಹಾರ್ಯ. ಇದರಲ್ಲಿ ದೋಷವನ್ನು ಹುಡುಕುವವನು ನಟನ ಕಿರೀಟವು ಚಿನ್ನದ್ದಲ್ಲವೆಂದು ದೂರುವವನಿಗೆ ಸಮಾನ.

ಆದರೆ ಶಂಕುಕನಿಗೆ ಭಟ್ಟತೌತನು ಹಾಕಿದ ಆಕ್ಷೇಪವನ್ನೂ ಇಲ್ಲಿ ಮರೆಯಬಾರದು. ಕಂಡದ್ದನ್ನು ಮಾತ್ರ ಅನುಕರಿಸಬಹುದು. ರಾಮನ ಅಂತರಂಗದ ಭಾವವನ್ನು ಯಾರೂ ಕಂಡಿಲ್ಲವಾದುದರಿಂದ ನಟನು ಅನುಕರಿಸುತ್ತಿರುವುದಾದರೂ ಏನನ್ನು? ಎಂಬುದು ಆ ಆಕ್ಷೇಪ. ತಂತ್ರಾಂಶದ ವಿಷಯದಲ್ಲಿಯೂ ಇದು ಚುಚ್ಚುವ ಪ್ರಶ್ನೆಯೇ. ಅದು ಫಿಲ್ಮಿನ ಬಣ್ಣವನ್ನು ಅಳೆದು ಅನುಕರಿಸಿತು, ಒಪ್ಪಬಹುದು. ಆದರೆ ಜನರು ಅದರಿಂದ ಬಯಸುವುದು ಬಣ್ಣವೊಂದನ್ನೇ ಅಲ್ಲ. ಹಳೆಯ ಚಿತ್ರವನ್ನು ಕಂಡಾಗ ಗಂಟಲು ಕಟ್ಟುವುದಲ್ಲ, ಕಳೆದುಹೋದುದರ ಆ ನೋವು, ಅದನ್ನೇ ಅವರು ಬಯಸುತ್ತಿರುವುದು. ಆ ನೋವು ಬಣ್ಣದಲ್ಲಿರಲಿಲ್ಲ; ನಡುವೆ ಕಳೆದ ವರ್ಷಗಳಲ್ಲಿತ್ತು. ವರ್ಷಗಳನ್ನು ಅನುಕರಿಸುವ ಪಟ್ಟಿಯನ್ನು ಯಾವ ತಂತ್ರಾಂಶವೂ ಮಾಡಲಾರದು.

ರಂಗಭೂಮಿಯಿಂದ ಇಳಿದು ಸಾಕ್ಷಿಯ ಕಟ್ಟೆಗೆ ಬಂದಾಗ ಪ್ರಶ್ನೆಯು ಇನ್ನಷ್ಟು ತೀಕ್ಷ್ಣವಾಗುವುದು. ೨೦೧೦ನೆಯ ನವೆಂಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಮುಖಪುಟದಲ್ಲಿ ಅಫಘಾನಿಸ್ತಾನದಲ್ಲಿದ್ದ ಅಮೆರಿಕದ ಸೈನಿಕರ ಚಿತ್ರಗಳು ಪ್ರಕಟವಾದವು. ಛಾಯಾಗ್ರಾಹಕನಾದ ಡೇಮನ್ ವಿಂಟರ್ ಅವುಗಳನ್ನು ತನ್ನ ದೂರವಾಣಿಯಲ್ಲಿ, ಹಿಪ್‌ಸ್ಟಮ್ಯಾಟಿಕ್ ಎಂಬ ತಂತ್ರಾಂಶದಿಂದ ತೆಗೆದಿದ್ದನು. ಹಳೆಯ ಅಗ್ಗದ ಕ್ಯಾಮರಾದ ಬಣ್ಣವನ್ನೂ ಅಂಚಿನ ಮಬ್ಬನ್ನೂ ಕೊಡುವುದು ಅದರ ಕೆಲಸ. ಮರುವರ್ಷ ಆ ಚಿತ್ರಮಾಲೆಗೆ ಅಂತಾರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಮೂರನೆಯ ಸ್ಥಾನವು ದೊರೆತಾಗ ವಾದವೆದ್ದಿತು. ಚಿತ್ರದೊಳಗೆ ತಾನು ಏನನ್ನೂ ಸೇರಿಸಲಿಲ್ಲ, ಏನನ್ನೂ ತೆಗೆಯಲಿಲ್ಲ ಎಂಬುದು ಅವನ ಸಮರ್ಥನೆ, ಅದು ನಿಜವೇ. ಸೈನಿಕರು ಇದ್ದರು, ಮಲಗಿದ್ದರು, ಧೂಳಿನಲ್ಲಿ ನಡೆದರು. ವಸ್ತುವಿನಲ್ಲಿ ಸುಳ್ಳಿಲ್ಲ.

ಹಾಗಾದರೆ ಆಕ್ಷೇಪವೇನು? ಚಿತ್ರವು ವಸ್ತುವನ್ನು ಮಾತ್ರವಲ್ಲದೆ ಕಾಲವನ್ನೂ ಹೇಳುವುದು. ಹಳೆಯ ಛಾಯೆಯು ನೋಡುವವನಿಗೆ ‘ಇದು ಮುಗಿದುಹೋದದ್ದು’ ಎಂದು ಮೆಲ್ಲನೆ ಹೇಳುವುದು. ಮುಗಿದುಹೋದುದರ ವಿಷಯದಲ್ಲಿ ಮನುಷ್ಯನಿಗೆ ಕನಿಕರ ಹುಟ್ಟುವುದು, ಆದರೆ ಹೊಣೆ ಹುಟ್ಟುವುದಿಲ್ಲ. ಇನ್ನೂ ನಡೆಯುತ್ತಿದ್ದ, ಇನ್ನೂ ಜನರು ಸಾಯುತ್ತಿದ್ದ ಯುದ್ಧವನ್ನು ನೆನಪಿನ ಬಣ್ಣದಲ್ಲಿ ತೋರಿಸಿದಾಗ, ಮುಂಜಾನೆ ಪತ್ರಿಕೆಯನ್ನು ಬಿಡಿಸಿದವನು ಅದನ್ನು ತನಗರಿಯದೆಯೇ ಅಜ್ಜನ ಕಾಲದ ಯುದ್ಧಗಳ ಸಾಲಿಗೆ ಸೇರಿಸಬಹುದು. ಸತ್ಯವಾದ ಸಂಗತಿಗಳನ್ನು ಇಟ್ಟುಕೊಂಡೇ ಅಸತ್ಯವಾದ ದೂರವನ್ನು ನಿರ್ಮಿಸಬಹುದೆಂಬುದು ಇದರಿಂದ ತಿಳಿಯುವುದು. ವಿಂಟರನ ಚಿತ್ರಗಳು ಹಾಗೆ ಮಾಡಿದವೋ ಇಲ್ಲವೋ ಎಂಬಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ; ಅಂಥ ಅಪಾಯವಿದೆಯೆಂಬಲ್ಲಿ ಇಲ್ಲ.

ಇಲ್ಲಿ ಮತ್ತೊಂದು ಆಶಂಕೆ ಏಳುವುದು. ಬೆಳ್ಳಿಯ ಫಿಲ್ಮಿನ ಕಾಲದಲ್ಲಿ ಚಿತ್ರಗಳು ಸುಳ್ಳು ಹೇಳಲಿಲ್ಲವೆ? ಹೇಳಿದವು, ಧಾರಾಳವಾಗಿ ಹೇಳಿದವು. ೧೯೧೭ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿ ಎಂಬ ಹಳ್ಳಿಯಲ್ಲಿ ಎಲ್ಸಿ ಮತ್ತು ಫ್ರಾನ್ಸಿಸ್ ಎಂಬ ಹುಡುಗಿಯರಿಬ್ಬರು ಕಾಗದದಲ್ಲಿ ಕತ್ತರಿಸಿದ ಯಕ್ಷಿಣಿಯರನ್ನು ತೊರೆಯ ಬದಿಯಲ್ಲಿ ನಿಲ್ಲಿಸಿ ಚಿತ್ರವನ್ನು ತೆಗೆದರು. ನೆಗೆಟಿವನ್ನು ಪರೀಕ್ಷಿಸಿದವನೊಬ್ಬನು ಅದರಲ್ಲಿ ಕೈಚಳಕವಿಲ್ಲವೆಂದನು. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಅದನ್ನು ನಂಬಿ ೧೯೨೦ರಲ್ಲಿ ಪತ್ರಿಕೆಯಲ್ಲಿ ಲೇಖನ ಬರೆದನು. ಆ ಯಕ್ಷಿಣಿಯರು ಕಾಗದದವರೆಂದು ಅವರಿಬ್ಬರೂ ಒಪ್ಪಿಕೊಂಡದ್ದು ೧೯೮೩ರಲ್ಲಿ, ವೃದ್ಧಾಪ್ಯದಲ್ಲಿ. ಇಲ್ಲಿ ಬೆಳ್ಳಿಯು ಸುಳ್ಳಾಡಲಿಲ್ಲ. ಬೆಳಕು ಹರಳನ್ನು ಮುಟ್ಟಿದ್ದೂ ನಿಜ. ಬೆಂಕಿಯು ನಿಜವಾದದ್ದೇ, ಉರಿದ ಸೌದೆ ಮಾತ್ರ ಹೇಳಿದ ಸೌದೆಯಲ್ಲ. ಪದಾರ್ಥವು ಸತ್ಯವಾಗಿದ್ದ ಮಾತ್ರಕ್ಕೆ ಚಿತ್ರವು ಸತ್ಯವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾಗಿಲ್ಲ.

ಇಷ್ಟನ್ನು ಒಟ್ಟುಗೂಡಿಸಿ ನೋಡಿದರೆ ವಿಷಯದ ತಿರುಳು ತಾನಾಗಿ ಹೊರಬೀಳುವುದು. ಛಾಯಾಚಿತ್ರವನ್ನು ಜನರು ಇಷ್ಟು ಕಾಲವೂ ಅನುಮಾನಪ್ರಮಾಣವೆಂದು ಬಗೆದಿದ್ದರು: ಹೊಗೆಯಿದೆ, ಆದುದರಿಂದ ಬೆಂಕಿಯಿದೆ, ಚಿತ್ರವಿದೆ, ಆದುದರಿಂದ ವಸ್ತುವಿದೆ. ಚಿತ್ರವನ್ನು ಕೊಟ್ಟವನು ಯಾರು, ಎಂಥವನು ಎಂದು ಕೇಳುವ ಅಗತ್ಯವೇ ಅವರಿಗೆ ತೋರಲಿಲ್ಲ. ಹೊಗೆಯನ್ನು ಬೇಕಾದಂತೆ ಹುಟ್ಟಿಸಬಲ್ಲ ತಂತ್ರಾಂಶವು ಬಂದು ಆ ವ್ಯಾಪ್ತಿಯನ್ನು ಮುರಿದಿದೆ. ಇನ್ನು ಚಿತ್ರವು ನಿಲ್ಲಬೇಕಾದದ್ದು ಶಬ್ದಪ್ರಮಾಣದ ಬಲದಿಂದ. ಶಬ್ದವು ಪ್ರಮಾಣವಾಗುವುದು ಹೇಳುವವನು ಆಪ್ತನಾಗಿದ್ದಾಗ ಮಾತ್ರ. ಕಂಡದ್ದನ್ನು ಕಂಡಂತೆ ಹೇಳುವವನೇ ಆಪ್ತನು. ಚಿತ್ರದ ಸತ್ಯವು ಹೀಗೆ ಬೆಳ್ಳಿಯಿಂದ ಮನುಷ್ಯನಿಗೆ ವರ್ಗವಾಗಿದೆ. ವಸ್ತುತಃ ಅದು ಎಂದೂ ಮನುಷ್ಯನ ಮೇಲೆಯೇ ನಿಂತಿತ್ತು. ಬೆಳ್ಳಿಯ ಮರೆಯಲ್ಲಿ ಅದು ಕಾಣದೆ ಇದ್ದಿತು, ಅಷ್ಟೆ.

ಯಂತ್ರಗಳನ್ನು ಮಾಡುವವರೂ ಇದನ್ನು ಅರಿತಂತಿದೆ. ೨೦೨೧ರಲ್ಲಿ ಅಡೋಬಿ, ಬಿಬಿಸಿ, ಮೈಕ್ರೋಸಾಫ್ಟ್ ಮೊದಲಾದ ಸಂಸ್ಥೆಗಳು ಕೂಡಿ, ಚಿತ್ರವು ಎಲ್ಲಿ ಹುಟ್ಟಿತು, ಅದಕ್ಕೆ ಏನೇನು ಮಾರ್ಪಾಡಾಯಿತು ಎಂಬುದನ್ನು ಚಿತ್ರದ ಜೊತೆಯಲ್ಲಿಯೇ ಮುದ್ರೆಯೊತ್ತಿ ಇಡುವ ಪದ್ಧತಿಯೊಂದನ್ನು ರೂಪಿಸತೊಡಗಿದವು. ೨೦೨೩ರಲ್ಲಿ ಜರ್ಮನಿಯ ಲೈಕಾ ಸಂಸ್ಥೆಯು ಅಂಥ ಮುದ್ರೆಯನ್ನು ಚಿತ್ರ ತೆಗೆಯುವಾಗಲೇ ಒತ್ತುವ ಕ್ಯಾಮರಾವನ್ನು ಹೊರತಂದಿತು. ಇದೇನು? ಚಿತ್ರಕ್ಕೆ ಒಂದು ಸಾಕ್ಷಿಪತ್ರ, ಅಂದರೆ ಶಬ್ದ. ಹೊಗೆಯನ್ನು ನಂಬಲಾರದವರು ಹೊಗೆಯನ್ನು ತಂದವನ ರುಜುವನ್ನು ಕೇಳುತ್ತಿದ್ದಾರೆ. ಆದರೆ ಮುದ್ರೆಯೂ ಕಾಟಿಂಗ್ಲಿಯ ಕಾಗದದ ಯಕ್ಷಿಣಿಯನ್ನು ತಡೆಯಲಾರದು; ರುಜು ಮಾಡಿದವನ ಶೀಲವನ್ನು ರುಜುವು ಹುಟ್ಟಿಸಲಾರದು.

ಕೊನೆಯದಾಗಿ, ಪತ್ರಿಕೆಗಳ ಚಿತ್ರಗಳನ್ನು ಬಿಟ್ಟು ಮನೆಯ ಚಿತ್ರಗಳ ಕಡೆಗೆ ತಿರುಗಬಹುದು. ವಾಚಕರಿಗೆ ಹತ್ತಿರದ ಮಾತು ಅದೇ. ಮಗುವಿನ ನಾಮಕರಣದ ದಿನ ತೆಗೆದ ಚಿತ್ರವನ್ನು ಅದೇ ಸಂಜೆ ನಲವತ್ತು ವರ್ಷ ಹಳೆಯದಾಗುವಂತೆ ಮಾಡುವವರುಂಟು. ಇದರಿಂದ ಯಾರಿಗೂ ಮೋಸವಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಆದರೂ ಇಲ್ಲಿ ಎರಡು ಮಾತು ಯೋಚಿಸತಕ್ಕವಾಗಿವೆ. ಅಜ್ಜಿಯ ಮದುವೆಯ ಚಿತ್ರವು ಮಾಸಿದ್ದು ಅವಳ ಸಂಸಾರದ ಜೊತೆಯಲ್ಲಿ. ಬಿಸಿಲು, ತೇವ, ಗೋಡೆಯ ಮೊಳೆ, ಮನೆಯಿಂದ ಮನೆಗೆ ಸಾಗಿದ ಪೆಟ್ಟಿಗೆ, ಇವೆಲ್ಲವೂ ಅದರ ಮೇಲೆ ಬರೆದಿವೆ. ಹುಟ್ಟಿದ ದಿನವೇ ನರೆಗೂದಲನ್ನು ಹೊತ್ತ ಚಿತ್ರವು ಮುಂದೆ ನಿಜವಾಗಿ ಹಳೆಯದಾಗುವ ಭಾಗ್ಯವನ್ನು ಕಳೆದುಕೊಳ್ಳುವುದು. ಇಂದಿನ ದಿನವನ್ನು ಇಂದಿನದಾಗಿ ನೋಡುವ ತಾಳ್ಮೆಯನ್ನು ಅದನ್ನು ಮಾಡಿದವರೂ ಕಳೆದುಕೊಳ್ಳುವರು. ಎರಡನೆಯದು, ಇಂದು ಎಲ್ಲರಿಗೂ ಗೊತ್ತಿರುವುದು ಐವತ್ತು ವರ್ಷಗಳ ಬಳಿಕ ಯಾರಿಗೂ ಗೊತ್ತಿರುವುದಿಲ್ಲ. ಮನೆಯ ಹಿರಿಯರು ಹೋದ ಮೇಲೆ ಚಿತ್ರವು ಮಾತ್ರ ಉಳಿದು ಮಾತನಾಡಬೇಕಾಗುವುದು. ಆಗ ಅದು ತಪ್ಪಾದ ಕಾಲವನ್ನು ಹೇಳಿದರೆ ತಿದ್ದುವವರು ಯಾರು?

ಆದುದರಿಂದ ಈ ತಂತ್ರಾಂಶಗಳನ್ನು ಮನೆಯಿಂದ ಹೊರಹಾಕಬೇಕಾಗಿಲ್ಲ. ಹಬ್ಬದ ದಿನ ಪೀತಾಂಬರವನ್ನುಡುವುದು ತಪ್ಪಲ್ಲ. ಪೀತಾಂಬರವನ್ನು ತೋರಿಸಿ ಸಾಲ ಕೇಳಿದಾಗ ಮಾತ್ರ ಅದು ತಪ್ಪಾಗುವುದು. ಫಿಲ್ಮಿನ ಗುರುತನ್ನು ಅಲಂಕಾರವಾಗಿ ಧರಿಸಬಹುದು, ಸಾಕ್ಷಿಯಾಗಿ ನಿಲ್ಲಿಸಬಾರದು. ಅಲಂಕರಿಸಿದ ಚಿತ್ರದ ಜೊತೆಗೆ ಅಲಂಕರಿಸದ ಮೂಲವನ್ನೂ ಜೋಪಾನವಾಗಿಟ್ಟು, ಯಾರು, ಎಲ್ಲಿ, ಯಾವ ದಿನ ಎಂಬುದನ್ನೂ, ಛಾಯೆಯನ್ನು ಬದಲಿಸಿದ್ದರೆ ಅದನ್ನೂ ಒಂದು ಸಾಲಿನಲ್ಲಿ ಬರೆದಿಡುವ ಗೃಹಸ್ಥನು ತನ್ನ ಮೊಮ್ಮಕ್ಕಳ ಪಾಲಿಗೆ ಆಪ್ತನಾಗುವನು. ಹಿಂದಿನ ಕಾಲದ ಪ್ರಿಂಟುಗಳ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಬರೆದಿರುತ್ತಿದ್ದ ಹೆಸರು, ಊರು, ತಾರೀಖುಗಳ ಆ ಒಂದು ಸಾಲು ಬೆಳ್ಳಿಯ ಎಲ್ಲ ಕಣಗಳಿಗಿಂತ ಹೆಚ್ಚಿನ ಸಾಕ್ಷಿಯಾಗಿತ್ತು. ಅದನ್ನು ಅನುಕರಿಸಲು ತಂತ್ರಾಂಶದ ನೆರವು ಬೇಕಾಗಿಲ್ಲ.